ಕೋಗಿಲಬನದ ಸಮುದ್ರ

ಅಂದಾನೆಪ್ಪನಿಗೆ ಕಿವಿಗಳಿರುವುದು ಕನ್ನಡಕ ಸಿಕ್ಕಿಸಲಿಕ್ಕೆ. ಇನ್ನೊಬ್ಬರ ಮಾತು ಅವುಗಳೊಳಗೆ ಇಳಿದದ್ದನ್ನು ಕಂಡವರಿಲ್ಲ. ಹಳಿಯಾಳದ ಆ ಇಡೀ ಓಣಿಗೆ ಇದು ಗೊತ್ತು. ಅವನ ಹೆಂಡತಿ ದ್ರಾಕ್ಷಾಯಣಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ಅವಳು ಬೇಡಿದ್ದು ಒಂದೇ. ಸಮುದ್ರವಿರುವ ಜಿಲ್ಲೆಯಲ್ಲೇ ಹುಟ್ಟಿ, ಅಲ್ಲೇ ಮದುವೆಯಾಗಿ, ಮೊಮ್ಮಕ್ಕಳ ಮುಖ ಕಂಡರೂ ಸಮುದ್ರದ ಮುಖ ಕಂಡಿರಲಿಲ್ಲ. ಮೊಣಕಾಲುಗಳು ಪೂರ್ತಿ ಮುಷ್ಕರ ಹೂಡುವ ಮೊದಲು ಒಮ್ಮೆ ನೋಡಬೇಕಿತ್ತು. ಶಾಂತವಾದ, ಅಗ್ಗದ, ಸಂಸಾರಸ್ಥರಿಗೆ ತಕ್ಕ ಬೀಚನ್ನು ಮೊಬೈಲಿನಲ್ಲಿ ತಾನೇ ಶೋಧಿಸುವುದಾಗಿ ಅಂದಾನೆಪ್ಪ ಘೋಷಿಸಿದ.

ಶೋಧನೆ ದೀಪಾವಳಿಗೆ ಶುರುವಾಗಿ ಸಂಕ್ರಾಂತಿ ಮುಟ್ಟಿತು. ರೊಟ್ಟಿ ಬಡಿಯುವಾಗಲೂ ಅವಳ ಮೂಗಿನ ಮುಂದೆ ಮೊಬೈಲಿನ ಅಲೆಗಳು ಬಂದು ಹೋದವು. ಗೋಕರ್ಣದಲ್ಲಿ ಮಂದಿ ಜಾಸ್ತಿ, ಗೋವೆಯಲ್ಲಿ ಬಟ್ಟೆ ಕಡಿಮೆ. ಇನ್ನೊಂದು ಕಡೆ ನೊಣ ಇದ್ದವೆಂದು ಯಾರೋ ಬರೆದಿದ್ದರು; ಅಷ್ಟಕ್ಕೇ ಅರಬ್ಬಿ ಸಮುದ್ರದ ಒಂದು ತುಂಡು ತಿರಸ್ಕೃತವಾಯಿತು. ಕೊನೆಗೆ ಸಕಲಗುಣಸಂಪನ್ನ ಬೀಚೊಂದು ಸಿಕ್ಕಿತು. ಫೋಟೋದಲ್ಲಿ ಮರಳು, ನೀರು, ಬಣ್ಣದ ಛತ್ರಿ. ವಿಳಾಸ, ಉತ್ತರ ಕನ್ನಡ ಜಿಲ್ಲೆ. ಅಂದಮೇಲೆ ಕರಾವಳಿಯೇ ಎಂದುಕೊಂಡ. ತಾನು ಕುಳಿತ ಹಳಿಯಾಳವೂ ಅದೇ ಜಿಲ್ಲೆಯೆಂಬುದು ಹೊಳೆಯಲಿಲ್ಲ. ಕೋಣೆ ಕಾಯ್ದಿರಿಸಿದ.

ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಾಡಿಗೆ ಕಾರು ಹತ್ತಿದರು. ಒಂದು ತಾಸಿನೊಳಗೆ ಮುಟ್ಟುತ್ತೀರೆಂದಿತು ಮೊಬೈಲು. ಹೊಸ ರಸ್ತೆ ಆಗಿರಬೇಕೆಂದ ಅಂದಾನೆಪ್ಪ. ದಾಂಡೇಲಿಯಲ್ಲಿ ಕಾರು ಪಕ್ಕದ ರಸ್ತೆಗೆ ಹೊರಳಿದಾಗ ದ್ರಾಕ್ಷಾಯಣಿ ಕಿಟಕಿಯಿಂದ ತಲೆ ತಿರುಗಿಸಿದಳು.

"ಇದು ನಮ್ಮ ತಂಗಿ ಶೈಲಾನ ಊರಿನ ದಾರಿ ಅಲ್ಲೇನ್ರಿ?"

"ಸುಮ್ಕ ಕೂಡು. ಮ್ಯಾಪಿಗೆ ನಿನಗಿಂತ ಹೆಚ್ಚು ಗೊತ್ತೈತಿ."

ಸುಮ್ಮನೆ ಕೂತಳು. ಆ ಕೆಲಸ ಅವಳಿಗೆ ಕರತಲಾಮಲಕ.

ಕಾರು ಅವರನ್ನು ಕೋಗಿಲಬನದಲ್ಲಿ, ಕಾಳಿ ಹೊಳೆಯ ದಂಡೆಗೆ ಇಳಿಸಿ ಹೊರಟುಹೋಯಿತು. ಮರಳಿತ್ತು, ನೀರಿತ್ತು, ಛತ್ರಿಯೂ ಇತ್ತು. ಛತ್ರಿಯಾಚೆಯ ಬಂಡೆಯ ಮೇಲೆ ಶೈಲಾ ಕೌದಿ ಒಗೆಯುತ್ತಿದ್ದಳು.

"ಯಕ್ಕಾ, ಮನೀಗೆ ಬರೂದು ಬಿಟ್ಟು ಮಾಮಾರನ್ನ ಹೊಳೀಗ್ಯಾಕ ಕರಕೊಂಡ ಬಂದಿ?"

"ಸಮುದ್ರ ನೋಡಾಕ ಬಂದೇವಿ" ಎಂದಳು ದ್ರಾಕ್ಷಾಯಣಿ.

ಶೈಲಾ ಹೊಳೆಯನ್ನು ನೋಡಿದಳು, ಅಕ್ಕನ ಗಂಡನನ್ನು ನೋಡಿದಳು, ಕೌದಿಯ ಮೇಲೆ ಬಗ್ಗಿದಳು. ಒಗೆತ ನಿಂತಿತ್ತು, ಬೆನ್ನು ಮಾತ್ರ ಕುಲುಕುತ್ತಿತ್ತು.

"ಶಾಂತ ಅಂತೂ ಐತಿ" ಎಂದ ಅಂದಾನೆಪ್ಪ.

ದ್ರಾಕ್ಷಾಯಣಿ ಮೊಣಕಾಲು ಹಿಡಿದು ಮರಳಿನ ಮೇಲೆ ಕುಸಿದಳು. "ಶಾಂತ ಯಾರಿಗೆ ಬೇಕಾಗಿತ್ರಿ? ಅದು ಮನ್ಯಾಗ ಬೇಕಾದಷ್ಟೈತಿ. ನನಗ ಗದ್ಲ ಬೇಕಾಗಿತ್ತು. ತೆರಿ ಸಪ್ಪಳ, ಮಂದಿ, ಚುರುಮುರಿ. ನೀವು ಕೇಳಿದ್ರ ಹೇಳ್ತಿದ್ದೆ."

ಅವನು ಮೊಬೈಲು ತೆಗೆದ. ಮತ್ತೊಂದು ಶೋಧನೆ ಶುರುವಾಯಿತೆಂದು ಅವಳು ಕಣ್ಣು ಮುಚ್ಚಿದಳು. ತೆರೆದಾಗ ಮೊಬೈಲು ಕಿಸೆ ಸೇರಿತ್ತು; ಅವನು ಬಂಡೆಯ ಹತ್ತಿರ ನಿಂತು ಕೆಮ್ಮುತ್ತಿದ್ದ.

"ಶೈಲವ್ವಾ, ಕಾರವಾರಕ್ಕ ಬಸ್ ಯಾವಾಗ ಐತವಾ?"

ಅವಳು ನಕ್ಕು ಮುಗಿಸುವವರೆಗೂ ಕಾದು ನಿಂತ.