ಹರವಿಯೊಳಗಿನ ತಂಬೂರಿ

ನಮ್ಮ ಕಾಕಾ ಜೀವಮಾನವಿಡೀ ಸಂಗೀತ ಕೇಳಿದ, ಆದರೆ ಒಬ್ಬ ಹಾಡುಗಾರನ ಮುಖವನ್ನೂ ಸರಿಯಾಗಿ ನೋಡಿದವನಲ್ಲ! ಸುಳ್ಳೆನಿಸಿದರೆ ಧಾರವಾಡದಲ್ಲಿ ಯಾರನ್ನಾದರೂ ಕೇಳಿ. ಬೈಠಕ್ ಎಲ್ಲೇ ಇರಲಿ, ಹಾಡುವವರ ಹಿಂದೆ ತಂಬೂರಿ ಹಿಡಿದು ಕೂಡುವವನು ಇವನೇ. ಹೀಗಾಗಿ ದೊಡ್ಡ ದೊಡ್ಡ ಗವಾಯಿಗಳೆಲ್ಲ ಇವನಿಗೆ ಬೆನ್ನಿನಿಂದ ಪರಿಚಯ. ಒಮ್ಮೆ ಹುಬ್ಬಳ್ಳಿ ಬಸ್ಸಿನಲ್ಲಿ ಮುಂದಿನ ಸೀಟಿನವರ ಕತ್ತು ನೋಡಿ, "ಇದು ಮೀರಜದ ಗವಾಯಿಗಳ ಕುತ್ತಿಗಿ!" ಎಂದು ಎದ್ದು ನಿಂತು ಕೈಮುಗಿದ. ಅವರು ಸಂತೋಷದಿಂದ ತಿರುಗಿದರು. ಇವನು ಮುಖ ನೋಡಿ, "ತಾವು ಯಾರಂತ ಗುರ್ತ ಸಿಗಲಿಲ್ರಿ" ಎಂದ!

ಸಾಲಿಯಲ್ಲಿ ಡ್ರಾಯಿಂಗ್ ಮಾಸ್ತರಿಕೆ, ಉಳಿದ ಹೊತ್ತೆಲ್ಲ ತಂಬೂರಿ. ಬೈಠಕ್ಕಿಗಿಂತ ಹೆಚ್ಚಾಗಿ ಅದು ನುಡಿದದ್ದು ಮಾಳಮಡ್ಡಿಯ ಅವನ ಪುಟ್ಟ ಮನೆಯಲ್ಲೇ. ಬೆಳಗಿನ ಚಹಾ ಮುಗಿದದ್ದೇ ಅವನ ಹೆಂಡತಿ, ನಮ್ಮ ಕಾಕು, ಚಾಪೆಯ ಮೇಲೆ ಕೂತು ಹಾಡುವಳು, ಇವನು ಅವಳ ಹಿಂದೆ. ಊರವರ ಮುಂದೆ ಅವಳು ಎಂದೂ ಹಾಡಿದವಳಲ್ಲ. ಆಮೇಲೆ ಅವಳ ಗಂಟಲಿನಲ್ಲಿ ಗಂಟು ಬೆಳೆದು ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಮಾತ್ರ ಒಡೆದು ತಳಕ್ಕಿಳಿಯಿತು. ಒಂದು ದಿನ ತಂಬೂರಿಯನ್ನು ಗೋಡೆಯಿಂದ ಇಳಿಸಿ ಮುಗದ ಊರಿನಲ್ಲಿದ್ದ ತನ್ನ ತಂಗಿಯ ಮಗಳಿಗೆ ಕೊಟ್ಟುಬಿಟ್ಟಳು. ಗಂಡನ ಕೈ ಹಿಡಿದು, "ನನ್ನ ಆಣಿ ಐತಿ, ಇನ್ನ ಈ ಮನ್ಯಾಗ ನೀವು ತಂಬೂರಿ ಮುಟ್ಟಬಾರದು" ಎಂದಳು. ಅಂದಿನಿಂದ ರೇಡಿಯೋದಲ್ಲಿ ಯಾರಾದರೂ ಹಾಡಿದರೂ ಅಡುಗೆಮನೆಯ ಬಾಗಿಲು ಮುಚ್ಚಿಕೊಳ್ಳುವುದೇ!

ಅವಳನ್ನು ಮತ್ತೆ ಆ ಚಾಪೆಯ ಮೇಲೆ ಕೂಡಿಸಬೇಕೆಂಬುದೇ ಕಾಕಾನ ಹಟ. ಅದಕ್ಕೆ ಸಿಕ್ಕಿಬಿದ್ದವನು ನಾನು.

ನಾನು ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಹಳೆಯ ಸಾಮಾನಿನ ದಲಾಲಿ ಮಾಡಿ ನನ್ನ ಕಾಲ ಮೇಲೆ ನಿಂತವನು. ಪುಕ್ಕಟೆ ಒಂದು ಬುದ್ಧಿಮಾತು ಹೇಳುತ್ತೇನೆ, ಇಟ್ಟುಕೊಳ್ಳಿ: ಹಳೆಯ ವಸ್ತು ಕೊಳ್ಳುವಾಗ ವಸ್ತುವನ್ನು ನೋಡಬೇಡಿ, ಮಾರುವವನ ಮುಖ ನೋಡಿ. ಅದಕ್ಕಿಂತ ದೊಡ್ಡ ಬುದ್ಧಿಮಾತು: ಸ್ವಂತ ಕಾಕಾನಿಗೆ ಏನನ್ನೂ ಕೊಡಿಸಬೇಡಿ!

ನಾನು ಕೊಡಿಸಿದೆ. ಊರು ಬಿಡುತ್ತಿದ್ದ ಡಾಕ್ಟರರೊಬ್ಬರು ವಿಲಾಯತಿಯಿಂದ ತಂದಿದ್ದ ಸ್ಟೀರಿಯೋ ರೇಡಿಯೋಗ್ರಾಮ್, ರೇಡಿಯೋ ರೆಕಾರ್ಡು ಎರಡೂ ಒಂದೇ ಪೆಟ್ಟಿಗೆಯಲ್ಲಿ. ಎಡಗಿವಿಗೊಂದು ಸ್ಪೀಕರ್, ಬಲಗಿವಿಗೊಂದು. ಇಡೀ ಓಣಿಯಲ್ಲಿ ಅಂಥದ್ದು ಇರಲಿಲ್ಲ. ಕಾಕಾನಿಗೆ ಸಮಾಧಾನವಾಯಿತೇ? ವಾರದ ಮೇಲೆ ಹೋಗಿ ನೋಡಿದರೆ ಪೆಟ್ಟಿಗೆಯನ್ನು ಗೋಡೆಯಿಂದ ಮುಂದಕ್ಕೆಳೆದು, ಅದರ ಹಿಂದೆ ಇಕ್ಕಟ್ಟಿನಲ್ಲಿ ಪದ್ಮಾಸನ ಹಾಕಿ ಕೂತಿದ್ದಾನೆ!

"ಕಾಕಾ, ಅಲ್ಲೇನು ಕಾಣತೈತಿ?"

"ಹಾಡೋರ ಬೆನ್ನು" ಎಂದ. ಆಮೇಲೆ ಮುಖ ಸಣ್ಣದು ಮಾಡಿ, "ಇದರಾಗ ಎಲ್ಲಾ ಮುಂದಿಂದನ ಬರತೈತಲೋ. ಹಿಂದ ಯಾರೂ ಇಲ್ಲ. ಹಾಡೋರಿಗೆ ಬೆನ್ನ ಹಿಂದ ಎರಡೂ ಕಡೆ ತಂಬೂರಿ ಬೇಕು. ಅದಿಲ್ಲದ ನಿಮ್ಮ ಕಾಕು ಹೆಂಗ ಕೂಡ್ತಾಳ? ಹಿಂದ ಎರಡು ಸ್ಪೀಕರ್ ಹಚ್ಚಬೇಕು. ಸೋವಿದಾಗ!"

"ಆಣಿ ಹಾಕ್ಯಾಳಲ್ಲ?"

"ತಂಬೂರಿ ಮುಟ್ಟಬ್ಯಾಡ ಅಂದಾಳ. ಸ್ಪೀಕರ್ ಮುಟ್ಟಬ್ಯಾಡ ಅಂದಾಳೇನು?"

ಈ ತಲೆಯನ್ನು ಕೋರ್ಟಿಗೆ ಬಿಡದೆ ಡ್ರಾಯಿಂಗಿಗೆ ಬಿಟ್ಟವರು ಯಾರೋ!

ಸೋವಿ ಎಂದರೆ ನಾನೇ ಅಲ್ಲವೇ? ರೈಲ್ವೆಯವರು ಹರಾಜು ಹಾಕಿದ್ದ ಎರಡು ಲೌಡ್‌ಸ್ಪೀಕರ್ ತುತ್ತೂರಿಗಳನ್ನು ತಂದು ಕೊಟ್ಟೆ. ಹಚ್ಚಿದ ಕೂಡಲೇ ಒಂದು ಆಲಾಪ ಬಿಟ್ಟವು ನೋಡಿ! ಪಕ್ಕದ ಮನೆಯ ಅಜ್ಜಿ ಗಂಟು ಬಗಲಲ್ಲಿಟ್ಟುಕೊಂಡು ಓಡಿಬಂದು, "ಪುಣಾ ಗಾಡಿ ಬಂತೇನ್ರಿ?" ಎಂದಳು.

ತುತ್ತೂರಿ ನನ್ನ ಅಂಗಡಿಗೆ ವಾಪಸು ಬಂತು. ಅಂಥದ್ದನ್ನು ಇನ್ನು ಯಾರಿಗೆ ಮಾರಲಿ?

ಆಮೇಲೆ ಕಾಕಾ ತಾನೇ ಸಂತೆಗೆ ಹೋಗಿ ಕುಡಿಯುವ ನೀರು ತುಂಬಿಡುವ ಎರಡು ಮಣ್ಣಿನ ಹರವಿ ತಂದ. "ತಂಬೂರಿಗೆ ಕುಂಬಳಕಾಯಿ ಬುರುಡೆ ಇದ್ಧಂಗ, ಸ್ಪೀಕರ್‌ಗೆ ಹರವಿ!" ಹಳೆಯ ರೇಡಿಯೋಗಳಿಂದ ಕಿತ್ತ ಸ್ಪೀಕರುಗಳನ್ನು ಬಾಯಿ ಮೇಲಾಗಿ ಅವುಗಳೊಳಗೆ ಕೂಡಿಸಿ, ಚಾಪೆಯ ಹಿಂದೆ ಆಚೆಗೊಂದು ಈಚೆಗೊಂದು ಇಟ್ಟ. ಧೂಳು ಬೀಳದಂತೆ ಮೇಲೆ ತಟ್ಟೆ ಮುಚ್ಚಿದ. ಬಿಸಿಲಲ್ಲಿ ಬಂದ ಉಪ್ಪಿನಬೆಟಗೇರಿಯ ಬೀಗರಿಗೆ ಏನು ಗೊತ್ತು ಪಾಪ! ತಟ್ಟೆ ಸರಿಸಿ ಲೋಟ ಅದ್ದಿದರು. ಹರವಿಯೊಳಗಿಂದ, "ಅಲ್ಲಲ್ಲಿ ಮಳೆ ಬೀಳುವ ಸಂಭವವಿದೆ" ಎಂದು ದನಿ ಬಂತು. ಲೋಟ ಅಲ್ಲೇ ಬಿಟ್ಟು ಅಂಗಳಕ್ಕೆ ಜಿಗಿದವರು, "ನಿಮ್ಮ ಮನ್ಯಾಗ ನೀರೂ ಮಾತಾಡತೈತ್ರಿ!" ಎಂದರು. ಈಗಲೂ ಆ ಮನೆಯಲ್ಲಿ ಅವರಿಗೆ ಚಹಾ ಮಾತ್ರ ಆಗುತ್ತದೆ.

ನಗಬೇಡಿ, ನಮ್ಮ ಪಾಡು ನಗುವಂತಿರಲಿಲ್ಲ. ಹರವಿಯಲ್ಲಿ ತಂಬೂರಿಯೇನೋ ಬಂತು, ಆದರೆ ಜೊತೆಗೆ ಹಾಡುವವರೂ ಬಂದರು! ಮುಂದೆ ಎರಡು ಕಡೆ ಅವರದೇ ದನಿ, ಹಿಂದೆ ಎರಡು ಕಡೆ ಅವರದೇ. "ನಾಕೂ ಕಡೆ ಅವ್ರ ಕುಂತ್ರ ಆಕಿ ಎಲ್ಲೆ ಕೂಡಬೇಕು?" ಎಂದು ಕಾಕಾ ತಲೆಯ ಮೇಲೆ ಕೈ ಹೊತ್ತ. ಮುಚ್ಚಿದ ಬಾಗಿಲ ಹಿಂದಿನಿಂದ ಕಾಕು ಆ ಒಡಕು ದನಿಯಲ್ಲೇ ಕೇಳಿದಳು: "ನನಗ ಇದ್ದ ಒಂದು ಗಂಟಲಾ ಹೋತು. ನಾಕು ತಂದು ಹಂಗಸಾಕತ್ತೀರೇನು?"

ಆಗ ಕಾಕಾನ ಮುಖ ನೋಡಲಾಗಲಿಲ್ಲ. ಮರುದಿನ ಕಾಕು ಟ್ರಂಕು ಇಳಿಸಿದಳು. ರವಿವಾರ ಮುಗದಕ್ಕೆ ಹೊರಟಳಂತೆ. ಯಾವಾಗ ಬರುತ್ತೀ ಎಂದು ಕೇಳಿದರೆ, "ಈ ಮನಿ ಸುಮ್ಮನಾದ ಮ್ಯಾಲೆ" ಎಂದಳಂತೆ.

"ಕಾಕಾ, ಎಲ್ಲಾ ಮಾರಿಬಿಡು, ನಾ ಗಿರಾಕಿ ತರತೇನಿ" ಎಂದೆ. ಎಂದೂ ಚೌಕಾಶಿಗಿಳಿಯದ ಮನುಷ್ಯ, "ಒಂದ ಸಲ. ರವಿವಾರ ಮುಂಜಾನಿ ನಿಮ್ಮ ಮಿಸ್ತ್ರಿನ್ನ ಕರಕೊಂಡು ಬಾ, ಇದೊಂದ ಸಲ" ಎಂದು ನನ್ನ ಕೈ ಹಿಡಿದ. ಎಂಥೆಂಥ ವ್ಯಾಪಾರಿಗಳನ್ನು ಮಣಿಸಿದ್ದೇನೆ, ಆ ಕೈಗೆ ನಾನೇ ಮಣಿದೆ.

ನಮ್ಮ ಓಣಿಯ ರೇಡಿಯೋ ಮಿಸ್ತ್ರಿ ರವಿವಾರ ಬಂದು ತಂತಿಗಳನ್ನೆಲ್ಲ ಬಿಚ್ಚಿ ಹೊಸದಾಗಿ ಜೋಡಿಸಿದರು. ಪಡಸಾಲೆಯಲ್ಲಿ ಟ್ರಂಕು ಕೂತಿತ್ತು. ಸ್ಟೇಶನ್ನಿಗೆ ಟಾಂಗಾ ಹೇಳಿ ಆಗಿತ್ತು. ರೇಡಿಯೋ ಹಚ್ಚಿದರೆ ಮುಂದಿನ ಸ್ಪೀಕರುಗಳು ಮಾತಾಡಿದವು, ಹರವಿಗಳು ಮೂಕ!

"ಸತ್ತಾವೋ ಬದುಕ್ಯಾವೋ, ಮುಂದಿನವು ಬಂದ್ ಮಾಡಿ ನೋಡೂಣ್ರಿ" ಎಂದರು ಮಿಸ್ತ್ರಿ. ಬಂದ್ ಮಾಡಿದರು. ಈಗ ಪೂರಾ ನಿಶ್ಶಬ್ದ. ಹೊರಗೆ ಟಾಂಗಾದ ಗಂಟೆ ಕೇಳಿಸಿತು. ಕಾಕಾ ಏನೂ ತೋಚದೆ, ಮುಂಬೈಯಿಂದ ತರಿಸಿದ್ದ ಒಂದೇ ಒಂದು ಸ್ಟೀರಿಯೋ ರೆಕಾರ್ಡನ್ನು ಇಟ್ಟು ಮುಳ್ಳು ಬಿಟ್ಟ.

ಹರವಿಗಳು ನುಡಿದವು. ತಂಬೂರಿ, ಬರೀ ತಂಬೂರಿ! ಹಾಡುವವರು ಮಾಯ. ದೂರದಲ್ಲಿ ಯಾರೋ ಆಕಳಿಸಿದಂತೆ ಒಂದು ನೆರಳು, ಅಷ್ಟೇ.

ಮಿಸ್ತ್ರಿ ಬಗ್ಗಿ ನೋಡಿ ನಾಲಿಗೆ ಕಚ್ಚಿಕೊಂಡರು. "ತಪ್ಪಾತ್ರಿ! ಎಡದ್ದು ಬಲದ್ದು ಎರಡೂ ಕೆಂಪು ತಂತಿ ಹರವಿಗೆ ಕೊಟ್ಟುಬಿಟ್ಟೇನಿ. ಹಿಂಗ ಕೊಟ್ರ ಎಡಕ್ಕೂ ಬಲಕ್ಕೂ ಸರಿಸಮ ಇದ್ದದ್ದು ಕಡದು ಹೋಗತೈತ್ರಿ. ಫರಕು ಇದ್ದದ್ದಷ್ಟ ಉಳಿತೈತಿ. ರೇಡಿಯೋದಾಗ ಎರಡೂ ಕಡೆ ಒಂದ ದನಿ, ಅದಕ್ಕ ಹರವಿ ಮೂಕಾದ್ವು." ಹಾಡುವವರು ನಡುವೆ ಕೂತಿದ್ದರು, ಕಡಿದು ಹೋದರು. ತಂಬೂರಿ ಎರಡು ಮಗ್ಗುಲಿಗೆ ಇದ್ದವು, ಉಳಿದವು. ನನಗೆ ಥಟ್ಟನೆ ತಿಳಿಯಿತು. ಕೊಡುವವನ ದರವೂ ಕೊಳ್ಳುವವನ ದರವೂ ಒಂದೇ ಆದರೆ ದಲಾಲನಿಗೆ ಉಳಿಯುವುದೇನು? ನಾವು ಬದುಕುವುದೇ ಫರಕಿನ ಮೇಲೆ!

"ಈಗ ಸುದ್ದ ಮಾಡತೇನ್ರಿ" ಎಂದು ಮಿಸ್ತ್ರಿ ತಂತಿಗೆ ಕೈ ಹಾಕುವಷ್ಟರಲ್ಲಿ ಅಡುಗೆಮನೆಯ ಬಾಗಿಲು ತೆರೆಯಿತು. ಪ್ರಯಾಣದ ಸೀರೆ ಉಟ್ಟ ಕಾಕು ಹೊಸ್ತಿಲಲ್ಲಿ ನಿಂತಿದ್ದಳು.

"ಹಾಡೋರು ಎಲ್ಲೆ ಹ್ವಾದ್ರು?"

ನಾನು ಮಿಸ್ತ್ರಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಕೆಟ್ಟ ಕೆಲಸವನ್ನು ಹಾಗೇ ಇರಲಿ ಎಂದು ಬಿಟ್ಟದ್ದು ನನ್ನ ವ್ಯಾಪಾರದಲ್ಲಿ ಅದೊಂದೇ.

ಕಾಕು ಬಂದು ಎರಡು ಹರವಿಗಳ ಮುಂದೆ ನಿಂತಳು. ತಂಬೂರಿ ಸುತ್ತಿ ಸುತ್ತಿ ಬರುತ್ತಿತ್ತು, ಹಾಡುವ ಜಾಗ ಖಾಲಿ ಇತ್ತು. ಗಂಡನ ಕಡೆ ನೋಡದೆ, "ಶ್ರುತಿ ಏರೈತಿ" ಎಂದಳು. "ನನಗ ಈಗ ಅಲ್ಲಿ ತನಕ ಎಟಕಂಗಿಲ್ಲ. ಇಳಸ್ರಿ."

ರೆಕಾರ್ಡಿನ ಶ್ರುತಿ ಇಳಿಸುವುದು ಹೇಗೆ? ತಿರುವಲು ಅದಕ್ಕೇನು ತಂಬೂರಿಯ ಹಾಗೆ ಬಿರಡೆ ಇದೆಯೇ? ಕಾಕಾ ಮೊಣಕಾಲೂರಿ ಕೂತು, ತಿರುಗುವ ತಟ್ಟೆಯ ಅಂಚಿಗೆ ಮೆಲ್ಲಗೆ ಬೆರಳು ಒತ್ತಿದ. ತಟ್ಟೆ ನಿಧಾನವಾಯಿತು. ಎರಡೂ ತಂಬೂರಿ ಒಟ್ಟಿಗೆ ಕೆಳಗಿಳಿದವು.

"ಇನ್ನೊಂದೀಟು."

ಇನ್ನೊಂದಿಷ್ಟು ಒತ್ತಿದ.

"ಹಾಂ. ಅಲ್ಲೇ ಇರ್ಲಿ" ಎಂದು ಕಾಕು ಚಾಪೆಯ ಮೇಲೆ ಕೂತಳು. ಕಣ್ಣು ಮುಚ್ಚಿ ಷಡ್ಜ ಹಚ್ಚಿದಳು. ಒಡಕು, ಒರಟು, ಆದರೆ ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಹೊರಗಿನಿಂದ ಟಾಂಗಾದವನು, "ಗಾಡಿ ತಪ್ಪತೈತ್ರೀ ಅಕ್ಕಾರ!" ಎಂದು ಕೂಗಿದ. ಯಾರೂ ಏಳಲಿಲ್ಲ. ಕಾಕಾನ ಬೆರಳು ಕೆಂಪಾಗಿ, ಆಮೇಲೆ ಬಿಳಿಚಿಕೊಂಡಿತು. ಅವನು ಉಸಿರು ಸಹ ಜೋರಾಗಿ ಬಿಡದೆ, ತಟ್ಟೆಯ ಅಂಚಿನಲ್ಲಿ ಅದನ್ನು ಹಾಗೇ ಹಿಡಿದುಕೊಂಡು ಕೂತಿದ್ದ.