ನನ್ನ ರಿಪೇರಿ ಗಡಿಯಾರ ಮತ್ತು ಶೇಂಗಾ ಹೋಳಿಗೆ

ವಯಸ್ಸಾದ ಮೇಲೆ ಹಾಬಿ ಹಿಡಿಯುವುದು ತಪ್ಪಲ್ಲ. ಅದರೊಳಗೆ ಸ್ಪ್ರಿಂಗ್ ಇರಬಾರದು, ಅಷ್ಟೇ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನನ್ನನ್ನು ‘ಬಟರ್‌ಫಿಂಗರ್ಸ್’ ಎಂದೇ ಕರೆಯುತ್ತಿದ್ದರು; ಹಿಡಿದದ್ದೆಲ್ಲ ನನ್ನ ಕೈಜಾರುತ್ತಿತ್ತು. ಅದನ್ನು ಮರೆತು ಕೊಲ್ಹಾಪುರದಿಂದ ಚಿಮಟ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ತರಿಸಿದೆ. ಕಾರಣವಿತ್ತು. ಮದುವೆಯಲ್ಲಿ ಅಪ್ಪ ನಮ್ಮವರಿಗೆ ಕೊಟ್ಟ ಕೈಗಡಿಯಾರ ನಿಂತು ಎಷ್ಟೋ ವರ್ಷಗಳಾಗಿದ್ದವು. ಅಪ್ಪನ ದನಿಯಂತೂ ಇನ್ನು ಕೇಳಿಸದು. ಅವರು ಕೊಟ್ಟದ್ದರ ಟಿಕ್ ಟಿಕ್ ಆದರೂ ಮತ್ತೊಮ್ಮೆ ಕೇಳಬೇಕೆಂಬ ಆಸೆ.

ಬಿಚ್ಚುವುದು ವೆರಿ ಈಸಿ. ಬಿಚ್ಚುವಾಗ ಒಂದು ಸ್ಕ್ರೂ ಹಾರಿ ಜೋಳದ ಹಿಟ್ಟಿಗೆ ಬಿತ್ತು. ನಾದಿನಿ ಸುಶೀಲಾ ಹಿಟ್ಟು ಜರಡಿ ಹಿಡಿಯುತ್ತಾ, “ವೈನಿ, ಇವತ್ತ ರೊಟ್ಟಿ ತಿಂದವರು ತಾಸಿಗೊಮ್ಮೆ ಗಂಟಿ ಹೊಡೀತಾರ ನೋಡ್ರಿ!” ಎಂದಳು. ನನ್ನದು ಒಗ್ಗರಣೆ ಹಾಕಿ ಪಳಗಿದ ಕೈ; ಕೂದಲೆಳೆಯಂಥ ಸ್ಪ್ರಿಂಗಿಗೂ ಹೊಲಿಗೆ ಮೆಷಿನ್ನಿನ ಎಣ್ಣೆಯನ್ನು ಧಾರಾಳವಾಗಿ ಬಿಟ್ಟೆ. ಮೈ ಗಾಡ್, ಗಡಿಯಾರ ಓಡಿತು! ಕಿವಿಗಿಟ್ಟುಕೊಂಡು ಅಡುಗೆಮನೆಯಲ್ಲೇ ಕುಣಿದೆ. ಎಣ್ಣೆ ಹೆಚ್ಚಾದರೆ ಆ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿ ಗಡಿಯಾರ ಹೊತ್ತಿಗಿಂತ ಮುಂದೆ ಓಡುತ್ತದೆಂದು ಆಗ ನನಗೇನು ಗೊತ್ತು?

ನಮ್ಮವರಿಗೆ ಹೆಮ್ಮೆಯೋ ಹೆಮ್ಮೆ. “ಮಾವನವರ ಗಡಿಯಾರ ಇರೂವಾಗ ಮೊಬೈಲ್ ಯಾಕ ನೋಡ್ಲಿ?” ಎಂದು ಕಟ್ಟಿಕೊಂಡರು. ನಾವು ಜೈನರು, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವರು. ಅಂದು ನಮ್ಮೂರು ಇಚಲಕರಂಜಿಯ ಮೇಲೆಲ್ಲ ಮೋಡ, ಸೂರ್ಯನ ಸುಳಿವಿಲ್ಲ. ಒಂದೇ ರೊಟ್ಟಿ ತಿಂದು ಗಡಿಯಾರ ನೋಡಿದವರು ಹೊತ್ತು ಮುಳುಗಿತೆಂದು ಗಾಬರಿಯಿಂದ ಎದ್ದು, ಬಾಯಿ ತೊಳೆದು, ಬೆಳಗಿನವರೆಗೆ ಏನೂ ಮುಟ್ಟುವುದಿಲ್ಲವೆಂದು ಕೈಮುಗಿದು ನೇಮ ಹಿಡಿದೇಬಿಟ್ಟರು. ಹಂಚಿನ ಮೇಲೆ ಆಗತಾನೆ ಶೇಂಗಾ ಹೋಳಿಗೆ ಉಬ್ಬುತ್ತಿತ್ತು; ಅದೆಂದರೆ ಅವರಿಗೆ ಪ್ರಾಣ.

ಅಷ್ಟರಲ್ಲಿ ಮೋಡ ಸರಿದು ಗೋಡೆಯ ಮೇಲೆ ಬಿಸಿಲು ಬಿತ್ತು. ಸುಶೀಲಾ ಸೌಟು ಹಿಡಿದೇ ನಕ್ಕಳು: “ವೈನಿ, ನಿಮ್ಮ ಗಡಿಯಾರದಾಗ ಮುಳುಗಿದ ಸೂರ್ಯ ನಮ್ಮ ಹಿತ್ತಲದಾಗ ಇನ್ನೂ ನಿಂತಾನ್ರಿ!”

ಹಿಡಿದ ನೇಮ ಬಿಡುವಂತಿಲ್ಲ. “ಸಾರೀ ರೀ,” ಎಂದೆ.

“ಇರ್ಲಿ ಬಿಡ. ಹಿಂಗ ಓಡಿದ್ರ ಮುಂಜಾನಿ ನಾಷ್ಟಾನೂ ಲಗೂ ಬರ್ತದ,” ಎಂದು ನಕ್ಕು ಮುಂಗೈಯನ್ನು ನನ್ನ ಕಿವಿಗೆ ಹಿಡಿದರು. ಟಿಕ್ ಟಿಕ್ ಟಿಕ್. “ನೀ ಉಣ್ಣ. ನಿನಗಿನ್ನೂ ಹೊತ್ತೈತಿ.”

ಒಳ್ಳೆಯ ಹೆಂಡತಿಯಾಗಿದ್ದರೆ ಒಲ್ಲೆ ಎನ್ನಬೇಕಿತ್ತು. ಅವರ ಪಾಲಿನ ಹೋಳಿಗೆಯನ್ನೂ ಬಡಿಸಿಕೊಂಡೆ. ತುಪ್ಪ ಸುರಿದುಕೊಳ್ಳುವಾಗಲೂ ನನ್ನ ಕೈ ಅಷ್ಟೇ ಧಾರಾಳವಾಗಿತ್ತು.