‘ಆತ್ರಿ’ ಎನ್ನದೆ ಮಲಗುವುದು

ಯಾರಾದರೂ ಒಂದು ಮಾತು ಹೇಳಿದರೆ ‘ಆತ್ರಿ’ ಎನ್ನದೆ ಸುಮ್ಮನಿರುವುದು ನಮ್ಮ ವಿಜಯಪುರದ ಕಡೆಯವರ ಕೈಲಾಗದ ಕೆಲಸ. ಪುಣೆಗೆ ಬಂದು ಅರ್ಧ ಆಯುಷ್ಯ ಕಳೆಯಿತು, ಹೊರಗೆ ಬಾಯಿ ತೆರೆದರೆ ಮರಾಠಿಯೇ ಬರುತ್ತದೆ. ಆದರೆ ‘ಆಯಿತು ರೀ’ ಎನ್ನುವ ಈ ಮಾತು ಮಾತ್ರ ನಾಲಿಗೆ ಬಿಟ್ಟು ಇಳಿದಿಲ್ಲ. ಬ್ಯಾಂಕಿನವರು ನಾಳೆ ಬನ್ನಿ ಎಂದರೂ ಆತ್ರಿ, ಪೊಲೀಸರು ಗಾಡಿ ತೆಗೆಯೋ ಎಂದು ಗದರಿದರೂ ಆತ್ರಿ. ಒಮ್ಮೆ ಲಿಫ್ಟಿನೊಳಗಿನ ಹೆಣ್ಣುದನಿ ‘ಬಾಗಿಲು ಮುಚ್ಚಿರಿ’ ಎಂದಾಗಲೂ ಅಷ್ಟೇ ವಿನಯದಿಂದ ಉತ್ತರಿಸಿ, ಜೊತೆಗಿದ್ದವರನ್ನು ನಗಿಸಿದ್ದೇನೆ. ಈ ಮರ್ಯಾದೆಯೇ ನನ್ನ ಹೃದಯದ ಚಿತ್ರ ಕೆಡಿಸುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ.

ನಾನೂ ನನ್ನ ತಮ್ಮನೂ ಮಾರ್ಕೆಟ್ ಯಾರ್ಡಿನಲ್ಲಿ ಅಪ್ಪ ಶುರುಮಾಡಿದ ಮೆಣಸಿನಕಾಯಿ ವ್ಯಾಪಾರ ನಡೆಸುತ್ತೇವೆ. ಗೋದಾಮಿನ ಧೂಳು ಕುಡಿದೂ ಕುಡಿದೂ ನನಗೆ ಕೆಮ್ಮು ಮನೆಮಾತಾಗಿತ್ತು. ಈ ಸಲ ಕಾಲೂ ಬಾತವು, ಮೆಟ್ಟಿಲುಗಳೂ ಏದುಸಿರು ತರಿಸಿದವು. ಡಾಕ್ಟರು ಎಕೋ ಮಾಡಿಸಿದರು. ಹೃದಯದ ಎಡಭಾಗ ಸರಿಯಾಗಿ ಕಾಣಿಸಿತಂತೆ. ಬಲಭಾಗ ಮಾತ್ರ, ಬೀಗರು ಬಂದಾಗ ಅಡುಗೆಮನೆ ಸೇರುವ ನನ್ನ ಹಾಗೆ, ಎದೆಯ ಮೂಳೆಯ ಹಿಂದೆ ಅಡಗಿತ್ತು. ಮೇಲೆ ಉಬ್ಬಿದ ಪುಪ್ಪುಸ ಅಡ್ಡ. ಪುಪ್ಪುಸಕ್ಕೆ ರಕ್ತ ತಳ್ಳುವುದು ಆ ಬಲಭಾಗವೇ. “ಎಮ್‌ಆರ್‌ಐ ಮಾಡಿ ನೋಡೋಣ. ಅದರಲ್ಲೂ ತಿಳಿಯದಿದ್ದರೆ ಕುತ್ತಿಗೆಯ ರಕ್ತನಾಳದೊಳಗಿಂದ ಹೃದಯಕ್ಕೆ ನಳಿಕೆ ಇಳಿಸಬೇಕಾದೀತು” ಎಂದರು ಡಾಕ್ಟರು. ನಾನು ಅಭ್ಯಾಸಬಲದಿಂದ ಆತ್ರಿ ಎಂದುಬಿಟ್ಟು ಆಮೇಲೆ ಬೆವತೆ. ನಳಿಕೆ ಕೂಡದು, ಚಿತ್ರದಲ್ಲೇ ಎಲ್ಲ ತಿಳಿಯಬೇಕು ಎಂದು ಅಂದೇ ಹಟ ತೊಟ್ಟೆ.

ಯಂತ್ರದ ಬಿಲದೊಳಗೆ ನನ್ನನ್ನು ಸರಿಸಿ, ಕಿವಿಗೆ ಹೆಡ್‌ಫೋನ್ ಹಾಕಿದರು. ಚಿತ್ರ ತೆಗೆಯುವ ಹುಡುಗಿಯ ದನಿ ಬಂತು: “ಶ್ವಾಸ ಘ್ಯಾ... ಸೋಡಾ... ಥಾಂಬಾ!” ಉಸಿರು ಎಳೆದು, ಬಿಟ್ಟು, ಹಾಗೇ ತಡೆಯಬೇಕು. ನಾನು ತಡೆದೆ, ತಡೆದು, “ಆತ್ರಿ” ಎಂದೆ. ಎದೆ ಅಲುಗಿ ಚಿತ್ರ ಮಸುಕಾಯಿತು.

“ಕಾಕಾ, ಬೋಲೂ ನಕಾ!”

ಮಾತಾಡಬೇಡಿ ಎಂದರೆ ಆಯಿತು ಎನ್ನಬೇಡವೇ? ಅದಕ್ಕೂ ಆತ್ರಿ ಅಂದೆ. ಕೊನೆಗೆ, ಸೋಮವಾರ ಬನ್ನಿ, ಅಲ್ಲಿಯವರೆಗೆ ಮನೆಯಲ್ಲಿ ರೂಢಿ ಮಾಡಿಕೊಳ್ಳಿ ಎಂದು ಕಳಿಸಿದರು.

ರೂಢಿ ಮಾಡಿಸುವ ಹೊಣೆ ನನ್ನ ಹೆಂಡತಿ ಮಹಾದೇವಿಯದು. ನನ್ನನ್ನು ಚಾಪೆಯ ಮೇಲೆ ಮಲಗಿಸಿ, ಯಂತ್ರದ ಗದ್ದಲಕ್ಕೆ ಬದಲಾಗಿ ತಾಟು ಬಡಿಯುತ್ತ ಕುಳಿತಳು. “ನಾ ಏನ ಅಂದ್ರೂ ಉತ್ತರಾ ಕೊಡಬ್ಯಾಡ್ರಿ.”

“ಆತ್ರಿ.”

“ಇಲ್ಲೇ ಸೋತ್ರಿ ನೋಡ್ರಿ!”

ಚಹಾ ಬೇಕೇನ್ರಿ ಎಂದಳು, ತಡೆದುಕೊಂಡೆ. “ನಿಮ್ಮ ತಮ್ಮ ಬ್ಯಾಡಗಿ ಚೀಲದಾಗ ಬ್ಯಾರೆ ಕಾಯಿ ಬೆರಸಾಕತ್ತಾನ್ರಿ” ಎಂದಳು. ಹಲ್ಲು ಕಚ್ಚಿ ಅದನ್ನೂ ನುಂಗಿದೆ. “ನನ್ನ ಗಂಡ ಭಾಳ ಚಲೋ ಮನಷ್ಯಾ” ಎಂದಾಗ ಮಾತ್ರ ಗಾಬರಿಯಿಂದ ಎದ್ದು ಕುಳಿತೆ. ಇಬ್ಬರೂ ನಕ್ಕೆವು. ನಗುತ್ತಲೇ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳಿಗೆ ಹೆದರಿಕೆಯಾಗಿತ್ತು. ನನಗೂ ಆಗಿತ್ತು. “ಮತ್ತ ಮಲಗ್ರಿ” ಎಂದು ತಾಟು ಎತ್ತಿಕೊಂಡಳು.

ಸೋಮವಾರ ಥಾಂಬಾ ಎಂದಾಗಲೆಲ್ಲ ಆ ಮಾತು ನಾಲಿಗೆಯ ತುದಿಗೆ ಬಂತು. ಪ್ರತಿ ಸಲವೂ ಹಿಂದಕ್ಕಟ್ಟಿದೆ. ಮುಗಿದ ಮೇಲೆ ಹುಡುಗಿ “ಶಾಬಾಸ್ ಕಾಕಾ!” ಎಂದಳು. ಇದೂ ಪರೀಕ್ಷೆಯೇ ಇರಬಹುದೆಂದು ಅದಕ್ಕೂ ತುಟಿ ಬಿಚ್ಚಲಿಲ್ಲ.

ಚಿತ್ರ ನೋಡಿ ಡಾಕ್ಟರು ಹೇಳಿದರು: “ಸದ್ಯಕ್ಕೆ ನಳಿಕೆ ಬೇಡ. ಬಲಭಾಗ ಹಿಗ್ಗಿದೆ, ಆದರೆ ಶಕ್ತಿ ಇನ್ನೂ ಇದೆ. ಅದನ್ನು ಉಳಿಸಿಕೊಳ್ಳಬೇಕಾದರೆ ನಾಳೆಯಿಂದ ಗೋದಾಮಿಗೆ ಕಾಲಿಡಬಾರದು. ಆಯಿತಾ?”

ಎರಡಕ್ಷರದ ಮಾತು. ಲಿಫ್ಟಿಗೆ ಹೇಳಿದ್ದೇನೆ, ಯಂತ್ರಕ್ಕೆ ಹೇಳಿದ್ದೇನೆ. ಈಗ ಗಂಟಲಿನಿಂದ ಮೇಲೇಳಲಿಲ್ಲ. ಅಪ್ಪ ಕೂರುತ್ತಿದ್ದ ಗಾದಿ, ಚೀಲ ಬಿಚ್ಚಿದಾಗಿನ ಆ ಘಾಟು, ಎಲ್ಲ ಒಮ್ಮೆಗೇ ಎದೆಗೆ ಬಂದವು. ಡಾಕ್ಟರು ನಕ್ಕು, “ಕಾಕಾ, ಈಗ ಮಾತಾಡಬಹುದು” ಎಂದರು.

ನಾನು ಮಹಾದೇವಿಯ ಮುಖ ನೋಡಿದೆ.

“ನಾ ಹೇಳಂಗಿಲ್ರಿ. ನೀವ ಹೇಳಬೇಕು” ಎಂದಳು.

ಉಸಿರು ಎಳೆದೆ, ಬಿಟ್ಟೆ. “ಆತ್ರಿ” ಎಂದೆ.

ಅವಳು ಕೈ ಚಾಚಿದಳು. ಗೋದಾಮಿನ ಕೀಲಿಕೈ ತೆಗೆದು ಅವಳ ಅಂಗೈಯಲ್ಲಿಟ್ಟೆ. ಅಲ್ಲಿಂದ ಮನೆ ಮುಟ್ಟುವವರೆಗೂ ರಿಕ್ಷಾದಲ್ಲಿ ನಾನು ಒಂದು ಮಾತೂ ಆಡಲಿಲ್ಲ. ಉಸಿರು ಹಿಡಿಯಿರಿ ಎಂದು ಯಾರೂ ಹೇಳಿರಲಿಲ್ಲ.